ಊರ ಗುಡ್ಡಕ್ಕೆ ಕಲ್ಲುಕೋರೆ ಅರ್ಜಿ ಬಿದ್ದರೆ: ಹಳೇ ಕಲ್ಲು, ದೇವರಕಾಡು, ಬಂಡೆ, ಒರತೆ ಪರಿಶೀಲಿಸುವ ಬಗೆ

ಊರ ಪಕ್ಕದ ಪೈಸಾರಿ (ಸರ್ಕಾರಿ ಪಾಳು ಜಾಗದ) ಗುಡ್ಡಕ್ಕೆ ಕಲ್ಲುಕೋರೆ ಅರ್ಜಿ ಬಿದ್ದಿದೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು 'ಯಾರದಂತೆ?' ಅಂತ. ಮೊದಲು ಕೇಳಬೇಕಾದ್ದು 'ಕಡತ ಎಲ್ಲಿದೆ?' ಅಂತ. ಅರ್ಜಿ ಯಾರದೇ ಇರಲಿ, ಅದರಲ್ಲಿ ಬರೆದದ್ದು ನಿಜವೋ ಸುಳ್ಳೋ ಅಂತ ನೋಡಲು ಊರಿನವರಿಗೆ ಸಿಗುವ ಕಾಲ ಬಹಳ ಕಡಿಮೆ. ಆ ಕಾಲವನ್ನು ಸರಿಯಾಗಿ ಬಳಸಿಕೊಳ್ಳಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ನಾನು ಭೂವಿಜ್ಞಾನಿ. ಗೋದಾವರಿ ಕಣಿವೆಯ ಕಲ್ಲಿದ್ದಲು ಗಣಿಗಳಲ್ಲಿ ಬೋರ್ ಕೊರೆದು ತೆಗೆದ ಬಂಡೆಯ ತುಂಡುಗಳನ್ನು ಸಾಲಾಗಿ ಜೋಡಿಸಿ, ಪದರ ಪದರ ಗುರುತಿಸಿ ವರದಿ ಬರೆಯುವುದೇ ಕೆಲಸವಾಗಿತ್ತು. ಈಗ ಕೊಡಗಿನ ಸೋಮವಾರಪೇಟೆ ತಾಲ್ಲೂಕಿನ ಮನೆಯಲ್ಲಿ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ಕೊಡಗಿನಲ್ಲಿ ಕಲ್ಲಿದ್ದಲು ಇಲ್ಲ, ಸಿಗುವುದೂ ಇಲ್ಲ. ಗೋದಾವರಿ ಕಣಿವೆಯ ಕಲ್ಲಿದ್ದಲು ಹಳೇ ಕಾಡು ಹೂತುಹೋಗಿ, ಮರಳು ಹೂಳಿನ ಪದರಗಳ ನಡುವೆ ಆದದ್ದು. ಅದಕ್ಕೆ ಇಪ್ಪತ್ತೈದು ಕೋಟಿ ವರ್ಷದ ಮೇಲಾಯಿತು. ನಮ್ಮ ಕಾಲಡಿಯ ನೈಸ್, ಚಾರ್ನೊಕೈಟ್ ಬಂಡೆಗಳಿಗೆ ಸುಮಾರು 300 ಕೋಟಿ ವರ್ಷ. ಅವು ಹುಟ್ಟಿದಾಗ ಭೂಮಿಯ ಮೇಲೆ ಮರವೇ ಇರಲಿಲ್ಲ. ಇಲ್ಲಿ ಅರ್ಜಿ ಬರುವುದು ಜಲ್ಲಿಗೆ, ಎಂ-ಸ್ಯಾಂಡಿಗೆ, ಇಲಾಖೆಯ ಭಾಷೆಯಲ್ಲಿ 'ಕಟ್ಟಡ ಕಲ್ಲಿಗೆ'.

ಬಂಡೆ ಬೇರೆಯಾದರೂ ಪರಿಶೀಲಿಸುವ ಕ್ರಮ ಬದಲಾಗುವುದಿಲ್ಲ. ಅಮೆರಿಕದಲ್ಲಿ ಕಲ್ಲಿದ್ದಲು ತೆರೆದ ಗಣಿಗೆ 1977ರ ಕಾನೂನಿದೆ. ಅದರ ಪ್ರಕಾರ ಅರ್ಜಿ ಹಾಕುವವರು ಎರಡು ವಿಷಯ ಬರೆದು ಕೊಡಲೇಬೇಕು. ಒಂದು, ಆ ಜಾಗದಲ್ಲೂ ಸುತ್ತಮುತ್ತಲೂ ಇರುವ ಚರಿತ್ರೆಯ, ಸಂಸ್ಕೃತಿಯ ಕುರುಹುಗಳು. ಇನ್ನೊಂದು, ತೆಗೆಯಲಿರುವ ಅತಿ ಕೆಳಗಿನ ಕಲ್ಲಿದ್ದಲಿನ ಅಡಿಗೆ ಇರುವ ಪದರದವರೆಗಿನ ಬಂಡೆಯ ವಿವರ. ಯಾವ ಪದರದಿಂದ ಆಮ್ಲದ ನೀರು ಹೊರಡಬಹುದು ಅನ್ನುವುದೂ ಅದರಲ್ಲಿ ಬರಬೇಕು. ಅಲ್ಲಿ ನನಗೆ ತುಂಬಾ ಇಷ್ಟವಾದ ಅಂಶ ಇನ್ನೊಂದಿದೆ. ಸರ್ಕಾರದ ಪಟ್ಟಿಗೆ ಸೇರಿರುವ ಸ್ಮಾರಕ ಮಾತ್ರ ಅಲ್ಲ, ಸೇರಲು ಅರ್ಹವಾದದ್ದನ್ನೂ ಹೇಳಬೇಕು. ನಮ್ಮಲ್ಲಿ ಹೀಗಿಲ್ಲ. ಪಟ್ಟಿಯಲ್ಲಿ ಇಲ್ಲದ ಕಲ್ಲನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ಹಾಗಾಗಿ ಆ ಕೆಲಸ ನಮ್ಮ ತಲೆ ಮೇಲೆ.

ವರದಿಗಳಲ್ಲಿ ಸಂಸ್ಕೃತಿಯ ಅಧ್ಯಾಯ ಒಬ್ಬರು ಬರೆಯುತ್ತಾರೆ, ಭೂಮಿಯ ಅಧ್ಯಾಯ ಇನ್ನೊಬ್ಬರು. ಎರಡನ್ನೂ ಒಟ್ಟಿಗೆ ಯಾರೂ ಓದುವುದಿಲ್ಲ. ಆದರೆ ನೆಲ ಒಂದೇ ಅಲ್ವಾ? ಹಾಸುಹಾಸಾಗಿ ಬಿಡಿಸಿಕೊಳ್ಳುವ ಬಂಡೆ ಇದ್ದಲ್ಲೇ ಹಿಂದಿನವರು ಚಪ್ಪಡಿ ಎಬ್ಬಿಸಿ ಸಮಾಧಿ ಕಟ್ಟಿದರು. ಈಗ ಕೋರೆಯವರಿಗೆ ಬೇಕಾದದ್ದೂ ಅದೇ ಬಂಡೆ. ಎಷ್ಟೋ ದೇವರಕಾಡುಗಳ ಒಳಗೆ ಒರತೆ ಇರುತ್ತದೆ, ಆ ಒರತೆಗೆ ನೀರು ಬರುವುದು ಮೇಲಿನ ಗುಡ್ಡದ ಬಿರುಕುಗಳಿಂದ. ಅದಕ್ಕೇ ಎರಡನ್ನೂ ಒಂದೇ ನಕ್ಷೆಯ ಮೇಲೆ ಗುರುತು ಮಾಡಿ. ನಾನು ಹೇಳುವ ಎಲ್ಲದರಲ್ಲೂ ಇದೇ ಮುಖ್ಯ.

ಕಡತ ತರಿಸಿಕೊಳ್ಳುವುದು

ಪರಿಸರ ಅನುಮತಿಯ ಅರ್ಜಿಗಳು ಕೇಂದ್ರದ ಪರಿವೇಶ್ ಜಾಲತಾಣದಲ್ಲಿರುತ್ತವೆ. ಜಿಲ್ಲೆ, ತಾಲ್ಲೂಕು ಹಾಕಿ ಹುಡುಕಿ, ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಗುತ್ತಿಗೆಯ ಕಡತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಇರುತ್ತದೆ, ಅದು ನಡೆಯುವುದು 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳ ಕೆಳಗೆ. ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ ಕೇಳಬೇಕು ಅನ್ನುವ ನಿಯಮ ಇದೆ. ಕಥೆ ಬರೆಯಬೇಡಿ. 'ಇಂಥ ಸರ್ವೆ ನಂಬರಿನ ಗಣಿ ಯೋಜನೆ, ಜಂಟಿ ಸ್ಥಳ ಪರಿಶೀಲನಾ ವರದಿ, ನಕ್ಷೆ, ಇವುಗಳ ದೃಢೀಕೃತ ಪ್ರತಿ ಕೊಡಿ' ಅಂದರೆ ಸಾಕು.

ಇನ್ನೊಂದು ಲೆಕ್ಕ ಮೊದಲೇ ಮಾಡಿಕೊಳ್ಳಿ. ಸುಪ್ರೀಂ ಕೋರ್ಟು 2012ರ ಫೆಬ್ರವರಿಯಲ್ಲಿ ಹೇಳಿದ ಮೇಲೆ 5 ಹೆಕ್ಟೇರಿಗಿಂತ ಸಣ್ಣ ಕೋರೆಗೂ ಪರಿಸರ ಅನುಮತಿ ಬೇಕು. ಆದರೆ ಸಣ್ಣ ಒಂಟಿ ಕೋರೆಗೆ ಸಾರ್ವಜನಿಕ ಅಹವಾಲು ಸಭೆ ಇಲ್ಲದೆ ಹೋಗುವುದೇ ಜಾಸ್ತಿ. ಒಂದು ಕೋರೆಯ ಅಂಚಿನಿಂದ 500 ಮೀಟರ್ ಒಳಗೆ ಅದೇ ಖನಿಜದ ಬೇರೆ ಕೋರೆ ಇದ್ದರೆ ಎಲ್ಲವನ್ನೂ ಕೂಡಿಸಿ ಲೆಕ್ಕ ಹಾಕಬೇಕು. ಸಭೆ ನಡೆಯಬೇಕೋ ಬೇಡವೋ ಅನ್ನುವುದು ಕೂಡಿಸಿದಾಗ ವಿಸ್ತೀರ್ಣ ಎಷ್ಟಾಗುತ್ತದೆ ಅನ್ನುವುದರ ಮೇಲಿದೆ. ಆದ್ದರಿಂದ ಆ 500 ಮೀಟರನ್ನು ನೀವೇ ಅಳೆಯಿರಿ.

ಅರ್ಜಿಯಲ್ಲಿ ಗಡಿಯ ಮೂಲೆಗಳ ಅಕ್ಷಾಂಶ, ರೇಖಾಂಶ ಕೊಟ್ಟಿರುತ್ತಾರೆ. ಅದನ್ನು ಗೂಗಲ್ ಅರ್ತ್‌ನಲ್ಲಿ ಹಾಕಿ ನೋಡಿ, ಸರ್ವೆ ನಂಬರನ್ನು ರಾಜ್ಯ ಸರ್ಕಾರದ ದಿಶಾಂಕ್ ಆ್ಯಪ್‌ನಲ್ಲಿ ನೋಡಿ, ಎರಡೂ ಒಂದೇ ಜಾಗ ತೋರಿಸಬೇಕು. ಇಲ್ಲಿ ಒಂದು ಎಚ್ಚರ. 12 ಡಿಗ್ರಿ 30 ನಿಮಿಷ ಅಂದರೆ ದಶಮಾಂಶದಲ್ಲಿ 12.5. ಅದನ್ನು 12.30 ಅಂತ ಹಾಕಿದರೆ ಗುರುತು ಸುಮಾರು 22 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಕೂರುತ್ತದೆ. ವರದಿ ಬರೆದವರು ಇದನ್ನು ತಪ್ಪಾಗಿ ಹಾಕಿದ್ದರೆ ಅವರು ಹೇಳಿದ 'ಹತ್ತಿರದ ದೇವಸ್ಥಾನ, ಹತ್ತಿರದ ಹೊಳೆ' ಎಲ್ಲವೂ ಬೇರೆ ಊರಿನದಾಗಿರುತ್ತದೆ.

ಪರಿಸರ ಅನುಮತಿಗೆ ಸಂಬಂಧಿಸಿದ ಕೇಂದ್ರದ 2006ರ ಅಧಿಸೂಚನೆಯ ಫಾರಂ 1ರ ಮೂರನೇ ಭಾಗವನ್ನು ಮೊದಲು ಓದಿ. ಗಡಿಯಿಂದ 15 ಕಿಲೋಮೀಟರ್ ಒಳಗೆ ಸಂಸ್ಕೃತಿಯ ದೃಷ್ಟಿಯಿಂದ ರಕ್ಷಿತವಾದ ಜಾಗ ಇದೆಯೇ, ಪೂಜಾಸ್ಥಳ ಇದೆಯೇ, ಭೂಕುಸಿತ ಆಗುವ ಪ್ರದೇಶವೇ ಅಂತ ಅದರಲ್ಲಿ ಕೇಳಿದೆ. ಕೊಡಗಿನ ಯಾವ ಮೂಲೆಯಿಂದ 15 ಕಿಲೋಮೀಟರ್ ಸುತ್ತು ಹಾಕಿದರೂ ದೇವರಕಾಡು ಸಿಗುತ್ತದೆ. ಅಲ್ಲಿ 'ಇಲ್ಲ' ಅಂತ ಇದ್ದರೆ ನಿಮ್ಮ ಮೊದಲ ಆಕ್ಷೇಪ ಸಿಕ್ಕಿತು. ಸಣ್ಣ ಕೋರೆಗೆ ಫಾರಂ 1ಎಂ ಇರುತ್ತದೆ, ಅದನ್ನೂ ಹೀಗೇ ಸಾಲು ಸಾಲು ಓದಿ.

ಹಳೇ ಕಲ್ಲು ಹುಡುಕುವುದು

ನಡೆಯಲು ಒಳ್ಳೇ ಕಾಲ ಕಾಫಿ ಕುಯ್ಲು ಮುಗಿದ ಮೇಲೆ, ಮುಂಗಾರಿಗೆ ಮುಂಚೆ. ಕುರುಚಲು ಒಣಗಿರುತ್ತದೆ, ಜಿಗಣೆ ಇಲ್ಲ, ನೆಲ ಕಾಣುತ್ತದೆ. ಒಬ್ಬರೇ ಹೋಗಬೇಡಿ. ದನ ಮೇಯಿಸಿದವರು, ಸೌದೆಗೆ ಹೋಗುತ್ತಿದ್ದ ಅಜ್ಜಿಯರು, ತೋಟದ ಲೈನ್ ಮನೆಯಲ್ಲಿರುವ ಎರವ, ಕುರುಬ ಬುಡಕಟ್ಟಿನ ಹಿರಿಯರು ಇವರನ್ನು ಕೇಳಿ. ಆರ್‌ಟಿಸಿಯಲ್ಲಿ ಹೆಸರಿಲ್ಲದವರಿಗೇ ಗುಡ್ಡ ಚೆನ್ನಾಗಿ ಗೊತ್ತು. ಅವರ ದೇವರ ಜಾಗ, ಹೂಳುವ ಜಾಗ ಯಾವ ವರದಿಯಲ್ಲೂ ಬಂದಿರುವುದಿಲ್ಲ. ಬರೆಯಲೋ ಬೇಡವೋ ಅಂತ ಅವರ ಒಪ್ಪಿಗೆ ಕೇಳಿಯೇ ಬರೆಯಿರಿ.

ನಮ್ಮ ಕಡೆ ಒಬ್ಬ ಅಜ್ಜಿಗೆ 'ಅಜ್ಜಿ, ಇಲ್ಲಿ ಹಳೇ ಕಾಲದ್ದು ಏನಾದ್ರೂ ಇದೆಯಾ?' ಅಂತ ಕೇಳಿದರೆ 'ಏನೂ ಇಲ್ಲ ಮಗ' ಅಂದರು. 'ಮಕ್ಕಳನ್ನ ಎಲ್ಲಿಗೆ ಹೋಗಬೇಡ ಅಂತಿದ್ರಿ?' ಅಂತ ಕೇಳಿದ ಕೂಡಲೇ ಮೂರು ಜಾಗ ತೋರಿಸಿದರು. ಮೂರನೆಯದು ಪಾಂಡವರ ಮನೆ. ಪ್ರಶ್ನೆ ಹೀಗೆ ಕೇಳಬೇಕು. ಯಾವ ಮರ ಕಡಿಯುತ್ತಿರಲಿಲ್ಲ, ಎಲ್ಲಿ ಚಪ್ಪಲಿ ಬಿಡುತ್ತಿದ್ದರು, ಹರಕೆಯ ನಾಯಿ ಗೊಂಬೆ ಎಲ್ಲಿ ಇಡುತ್ತಿದ್ದರು, ಪುತ್ತರಿ ಸುಗ್ಗಿ ಹಬ್ಬಕ್ಕೆ ಯಾವ ಮಂದ್‌ನಲ್ಲಿ (ಊರ ಬಯಲಿನಲ್ಲಿ) ಸೇರುತ್ತಿದ್ದರು ಅಂತ.

ಪಾಂಡವರ ಮನೆ, ಪಾಂಡು ಪಾರೆ ಅನ್ನುವುದು ಕಬ್ಬಿಣ ಯುಗದ ಶಿಲಾ ಸಮಾಧಿ. ನಾಲ್ಕು ಕಡೆ ನೆಟ್ಟ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು. ಎಷ್ಟೋ ಕಡೆ ಒಂದು ಚಪ್ಪಡಿಯಲ್ಲಿ ಗುಂಡನೆಯ ಕಂಡಿ ಇರುತ್ತದೆ, ಸುತ್ತ ಕಲ್ಲಿನ ವೃತ್ತ ಇರುತ್ತದೆ. ಸೋಮವಾರಪೇಟೆ ಕಡೆಯ ದೊಡ್ಡಮೊಳ್ತೆಯಲ್ಲಿ ಇಂಥವು ಗುಂಪಾಗಿವೆ. ವಿರಾಜಪೇಟೆ ಸುತ್ತಲಿನವನ್ನು 19ನೇ ಶತಮಾನದಲ್ಲೇ ಬ್ರಿಟಿಷ್ ಅಧಿಕಾರಿಗಳು ಅಗೆದು ನೋಡಿದ್ದರು. ಮುಚ್ಚುಗಲ್ಲು ಜಾರಿ, ಮಣ್ಣು ತುಂಬಿ, ಮೇಲೆ ಲಂಟಾನ ಬೆಳೆದಿದ್ದರೆ ಅದು ಬರೀ ಬಂಡೆ ರಾಶಿಯ ಹಾಗೆ ಕಾಣುತ್ತದೆ. ಚಪ್ಪಡಿಯ ಅಂಚು ನೆಟ್ಟಗೆ ನಿಂತಿದೆಯೇ, ಎರಡು ಅಂಚುಗಳು ಮೂಲೆಯಲ್ಲಿ ಸೇರುತ್ತವೆಯೇ ನೋಡಿ. ತನ್ನಷ್ಟಕ್ಕೆ ಬಿದ್ದ ಬಂಡೆ ಹಾಗೆ ಚೌಕವಾಗಿ ನಿಲ್ಲುವುದಿಲ್ಲ.

ಇನ್ನು ವೀರಗಲ್ಲು, ನಮ್ಮ ಕಡೆಯ ಕೋಲೆಕಲ್ಲು. ಮಳೆಗೆ ಸವೆದು ಹೋಗಿರುವ ಕಲ್ಲನ್ನು ನಡು ಮಧ್ಯಾಹ್ನ ನೋಡಿದರೆ ಏನೂ ಕಾಣುವುದಿಲ್ಲ. ಸಂಜೆ ಕತ್ತಲಾದ ಮೇಲೆ ಹೋಗಿ. ಟಾರ್ಚನ್ನು ಕಲ್ಲಿನ ಎದುರು ಹಿಡಿಯಬೇಡಿ, ಪಕ್ಕದಿಂದ, ಕಲ್ಲಿಗೆ ತಾಗುವಷ್ಟು ಓರೆಯಾಗಿ ಹಿಡಿಯಿರಿ. ಕತ್ತಿ ಹಿಡಿದ ತೋಳು, ಕುದುರೆಯ ಕಾಲು, ಮೇಲಿನ ಸೂರ್ಯ ಚಂದ್ರ, ಅಂಚಿನಲ್ಲಿ ಅಕ್ಷರದ ಸಾಲು ಒಂದೊಂದಾಗಿ ಎದ್ದು ಬರುತ್ತವೆ. ಟಾರ್ಚನ್ನು ಎಡದಿಂದ, ಬಲದಿಂದ, ಮೇಲಿಂದ ಸರಿಸುತ್ತಾ ನಾಲ್ಕು ಫೋಟೋ ತೆಗೆಯಿರಿ. ಸೀಮೆಸುಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ತಂತಿ ಬ್ರಷ್ ಹಾಕಿ ಉಜ್ಜಬೇಡಿ. ಪಾಚಿ ಕೆರೆದರೆ ಅದರ ಜೊತೆಗೇ ಅಕ್ಷರವೂ ಹೋಗುತ್ತದೆ. ಅಕ್ಷರ ಕಂಡರೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟದಲ್ಲಿ ಇದೆಯೇ ನೋಡಿ, ಆ ಸಂಪುಟ ಪೂರ್ತಿ ಕೊಡಗಿನ ಶಾಸನಗಳದ್ದೇ. ಮೊದಲು ಬಂದದ್ದು 1886ರಲ್ಲಿ. ಅದರಲ್ಲಿ ನಿಮ್ಮ ಕಲ್ಲು ಇದ್ದರೆ ಬಲವಾದ ದಾಖಲೆ. ಇಲ್ಲದಿದ್ದರೆ ಹೊಸ ಶಾಸನವೇ ಇರಬಹುದು, ಕೂಡಲೇ ರಾಜ್ಯ ಪುರಾತತ್ವ ಇಲಾಖೆಗೆ ಬರೆಯಿರಿ.

ಕಡಂಗಗಳನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬೆಟ್ಟದ ಮೈ ಮೇಲೆ ಉದ್ದಕ್ಕೆ ಹೋಗುವ ಹಳೇ ಕಂದಕಗಳು ಅವು, ಯುದ್ಧಕ್ಕೆ, ಗಡಿಗೆ ಅಂತ ತೋಡಿದ್ದು. ಮಣ್ಣಿನ ತಗ್ಗು ಅಷ್ಟೇ ಅಂತ ಜೆಸಿಬಿ ಒಂದು ಬೆಳಿಗ್ಗೆಯಲ್ಲಿ ಮುಚ್ಚಿಬಿಡುತ್ತದೆ. ಕೈಮಡ (ಹಿರಿಯರನ್ನು ಪೂಜಿಸುವ ಗುಡಿ), ಐನ್‌ಮನೆಯ (ಕುಟುಂಬದ ಮೂಲಮನೆಯ) ಹಳೇ ದಾರಿ, ಅಂಬಲ (ಊರವರು ಸೇರುವ ಜಾಗ) ಇವನ್ನೂ ಗುರುತು ಹಾಕಿ.

ದೇವರಕಾಡಿನ ವಿಷಯದಲ್ಲಿ ತಕ್ಕರನ್ನು (ಊರಿನ, ದೇವಸ್ಥಾನದ ಮುಖ್ಯಸ್ಥರನ್ನು) ಕೇಳಿಯೇ ಒಳಗೆ ಹೋಗಿ. ಜಿಲ್ಲೆಯಲ್ಲಿ 1200ಕ್ಕೂ ಹೆಚ್ಚು ದೇವರಕಾಡುಗಳಿವೆ. ದಾಖಲೆಗಳ ಪ್ರಕಾರ 1905ರಲ್ಲಿ ಒಟ್ಟು 6,000 ಹೆಕ್ಟೇರಿಗೂ ಹೆಚ್ಚಿದ್ದದ್ದು 1985ರ ಹೊತ್ತಿಗೆ ಸುಮಾರು 2,550 ಹೆಕ್ಟೇರಿಗೆ ಇಳಿದಿತ್ತು. ಅದಕ್ಕೇ ಈಗಿನ ಬೇಲಿಯನ್ನು ಮಾತ್ರ ನೋಡಿ ದೂರ ಅಳೆಯಬೇಡಿ. ಹಳೇ ಗ್ರಾಮ ನಕ್ಷೆ ಮತ್ತು ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣದ ದಾಖಲೆ) ತೆಗೆಸಿ, ಹಿಂದಿನ ಗಡಿ ಎಲ್ಲಿತ್ತು ನೋಡಿ. ಅರ್ಜಿಯ ಸರ್ವೆ ನಂಬರ್ ಒಂದು ಕಾಲದಲ್ಲಿ ಆ ಕಾಡಿನದೇ ಆಗಿತ್ತೇ ಅನ್ನುವುದು ಅಲ್ಲಿ ತಿಳಿಯುತ್ತದೆ.

ಸಿಕ್ಕ ಪ್ರತಿಯೊಂದಕ್ಕೂ ಒಂದು ಹಾಳೆ ಮಾಡಿ. ಅಳತೆಗೋಲು ಇಟ್ಟು ತೆಗೆದ ಫೋಟೋ, ಜಿಪಿಎಸ್ ಗುರುತು, ಯಾವ ದಿಕ್ಕಿಗೆ ಮುಖ, ಯಾರು ಪೂಜೆ ಮಾಡುತ್ತಾರೆ, ಕೋರೆಯ ಗಡಿಯಿಂದ ಎಷ್ಟು ದೂರ, ಹೇಳಿದವರು ಯಾರು. ಸಮಾಧಿಗಳ ನಿಖರವಾದ ಜಾಗವನ್ನು ಫೇಸ್‌ಬುಕ್ಕಿಗೆ, ವಾಟ್ಸ್ಆ್ಯಪ್ ಗುಂಪಿಗೆ ದಯವಿಟ್ಟು ಹಾಕಬೇಡಿ. ನಿಧಿ ಆಸೆಗೆ ರಾತ್ರಿ ಬಂದು ಒಡೆಯುವವರು ಇದ್ದಾರೆ. ಅಧಿಕಾರಿಗೆ ಕೊಡುವ ಪ್ರತಿಯಲ್ಲಿ ಮಾತ್ರ ಇರಲಿ.

ಕಾನೂನು ಎಲ್ಲಿಯವರೆಗೆ ಬರುತ್ತದೆ ಅಂತಲೂ ತಿಳಿದಿರಲಿ. ಕೇಂದ್ರ ಪುರಾತತ್ವ ಸರ್ವೇಕ್ಷಣದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಅದು. ಮುಳ್ಳೂರಿನ ಬಸದಿಗಳು, ಮಡಿಕೇರಿ ಕೋಟೆ ಆ ಲೆಕ್ಕಕ್ಕೆ ಬರುತ್ತವೆ. ನಿಮ್ಮೂರ ವೀರಗಲ್ಲು ಬರುವುದಿಲ್ಲ. ಆದರೆ ಅನುಮತಿ ಕೊಡುವವರು ಕೋರೆಯಿಂದ ಇಷ್ಟು ಜಾಗ ಬಿಡಿ ಅಂತ ಷರತ್ತು ಹಾಕಬಹುದು. ಹಾಕಬೇಕಾದರೆ ಅವರ ಮೇಜಿನ ಮೇಲೆ ನಿಮ್ಮ ಹಾಳೆ ಇರಬೇಕು.

ಬಂಡೆ, ಮಣ್ಣು, ನೀರು

ಭೂವಿಜ್ಞಾನದ ಅಧ್ಯಾಯ ನಿಜವಾಗಿ ಈ ಜಾಗವನ್ನು ನೋಡಿ ಬರೆದದ್ದೋ ಅಂತ ಮೊದಲು ತಿಳಿಯಬೇಕು. ದಖನ್ ಟ್ರಾಪ್ (ಲಾವಾ ಆರಿ ಆದ ಕಪ್ಪು ಬಂಡೆ), ಸುಣ್ಣಕಲ್ಲಿನ ಪದರ, ಒಣ ಪ್ರದೇಶದ ಮುಳ್ಳುಗಿಡ ಅಂತೆಲ್ಲ ಇದ್ದರೆ ಅದು ಬೇರೆ ಜಿಲ್ಲೆಯ ವರದಿಯಿಂದ ಎತ್ತಿ ಹಾಕಿದ್ದು. ಆ ಪುಟ ಸಂಖ್ಯೆ ಬರೆದುಕೊಳ್ಳಿ. ಭೂವೈಜ್ಞಾನಿಕ ಸರ್ವೇಕ್ಷಣದ ಭೂಕೋಶ್ ಜಾಲತಾಣದಲ್ಲಿ ನಿಮ್ಮ ಜಾಗದ ಬಂಡೆ ಯಾವುದು, ಭೂಕುಸಿತದ ಸಾಧ್ಯತೆ ಎಷ್ಟು ಅಂತ ನಕ್ಷೆ ಇದೆ. ಅದರ ಜೊತೆ ಹೋಲಿಸಿ.

ಕಲ್ಲಿದ್ದಲಿನಲ್ಲಿ ನಾವು ಪದರ ಎಷ್ಟು ದಪ್ಪ, ಮೇಲೆ ಏನಿದೆ, ಕೆಳಗೆ ಏನಿದೆ ಅಂತ ನೋಡುತ್ತಿದ್ದೆವು. ಕೊಡಗಿನಲ್ಲಿ ನೋಡಬೇಕಾದದ್ದು ಗಟ್ಟಿ ಬಂಡೆಯ ಮೇಲೆ ಕೂತಿರುವ ಮಣ್ಣಿನ ದಪ್ಪ. ನಮ್ಮಲ್ಲಿ ಬಂಡೆ ಕೊಳೆತು ಕೆಂಪು ಮಣ್ಣು, ಅದರ ಕೆಳಗೆ ಬಿಳಿ, ಹಳದಿ ಜೇಡಿ ಆಗಿರುತ್ತದೆ. ಮಳೆ ನೀರು ಕೆಂಪು ಮಣ್ಣಿನಲ್ಲಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ, ಮೇಲಿನ ಭಾರ ಜಾರಲು ಅಷ್ಟು ಸಾಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡಗಳು ಇಳಿದದ್ದನ್ನು ನಾವೆಲ್ಲ ನೋಡಿದ್ದೇವೆ. ಇಂಥ ಗುಡ್ಡದ ಬುಡ ಕಡಿದರೆ ಮೇಲಿನದಕ್ಕೆ ಆಸರೆ ಎಲ್ಲಿಂದ ಬರಬೇಕು? ಗಣಿ ಸುರಕ್ಷತಾ ನಿಯಮದಲ್ಲೂ ಮಣ್ಣು, ಮೊರಂ ಇರುವಲ್ಲಿ ಇಳಿಜಾರು 45 ಡಿಗ್ರಿ ಮೀರಬಾರದು, ಇಲ್ಲವೇ ಮೆಟ್ಟಿಲಿನ ಎತ್ತರ ಒಂದೂವರೆ ಮೀಟರ್ ಮೀರಬಾರದು ಅಂತಿದೆ. ವರದಿಯ ಅಡ್ಡಕೊಯ್ತದ ಚಿತ್ರದಲ್ಲಿ ಮೇಲ್ಮಣ್ಣು ಎಷ್ಟು ತೋರಿಸಿದ್ದಾರೆ ನೋಡಿ, ಆಮೇಲೆ ಹತ್ತಿರದ ಬಾವಿಯ ಗೋಡೆ, ರಸ್ತೆಗೆ ಕಡಿದ ದರೆ ನೋಡಿ. ಚಿತ್ರದಲ್ಲಿ ಒಂದು ಮೀಟರ್, ದರೆಯಲ್ಲಿ ಎಂಟು ಮೀಟರ್ ಇದ್ದರೆ ಫೋಟೋ ತೆಗೆದು ಲಗತ್ತಿಸಿ.

ಬಂಡೆಯ ಪಟ್ಟೆಗಳು, ಬಿರುಕುಗಳು ಯಾವ ಕಡೆಗೆ ಬಾಗಿವೆ ಅಂತ ತಿಳಿಯಲು ಉಪಕರಣ ಬೇಕಿಲ್ಲ. ತೆರೆದ ಬಂಡೆಯ ಏರುಪೇರಿಲ್ಲದ ಹಾಸಿನ ಮೇಲೆ ಒಂದು ಚೊಂಬು ನೀರು ಹಾಕಿ. ನೀರು ಹರಿದ ದಿಕ್ಕೇ ಬಾಗು. ಆ ದಿಕ್ಕು ಕಣಿವೆಯ ಕಡೆಗೆ, ಮನೆಗಳ ಕಡೆಗೆ ಇದ್ದರೆ ಕಡಿದಾಗ ಹಾಸು ಜಾರಿ ಬರುವ ಭಯ ಇದೆ. ಗುಡ್ಡದ ಒಳಕ್ಕೆ ಬಾಗಿದ್ದರೆ ಆ ಭಯ ಕಡಿಮೆ. ನಾಲ್ಕಾರು ಕಡೆ ನೋಡಿ ನಕ್ಷೆಯಲ್ಲಿ ಬಾಣದ ಗುರುತು ಹಾಕಿ. ಮರಗಳ ಬುಡ ಕೆಳಕ್ಕೆ ಬಾಗಿ ಮೇಲೆ ನೆಟ್ಟಗಾಗಿದ್ದರೆ, ಗುಡ್ಡದ ನೆತ್ತಿಯಲ್ಲಿ ಅರ್ಧಚಂದ್ರದ ಹಾಗೆ ಬಿರುಕಿದ್ದರೆ, ಮಳೆಗಾಲದಲ್ಲಿ ಹೊಸ ಜಾಗದಲ್ಲಿ ಕೆಸರು ನೀರು ಉಕ್ಕಿದ್ದರೆ ಆ ಇಳಿಜಾರು ಈಗಾಗಲೇ ಸರಿಯುತ್ತಿದೆ ಅಂತ ಅರ್ಥ.

ನೀರಿನ ವಿಷಯಕ್ಕೆ ಬಂದರೆ, ಪರಿಸರ ವರದಿಯ ಮೂಲ ಮಾಹಿತಿಯನ್ನು ಮಳೆಗಾಲ ಬಿಟ್ಟು ಒಂದೇ ಋತುವಿನಲ್ಲಿ ಸಂಗ್ರಹಿಸಬಹುದು. ಕೊಡಗಿನಲ್ಲಿ ಗುಡ್ಡ ಜಾರುವುದು, ಕೊಲ್ಲಿ (ಬೆಟ್ಟದ ತೊರೆ) ತುಂಬಿ ಹರಿಯುವುದು, ಒರತೆ ಏಳುವುದು ಎಲ್ಲ ಮಳೆಗಾಲದಲ್ಲಿ. ವರದಿಯವರು ಬಂದದ್ದು ಯಾವ ತಿಂಗಳು ಅಂತ ನೋಡಿ, ಮಳೆಗಾಲದ ಅಳತೆ ಬೇಕು ಅಂತ ಕೇಳಿ. ಸುಮ್ನೆ ಕೇಳಿದರೆ ಸಾಲದು, ನಿಮ್ಮ ಅಳತೆ ನಿಮ್ಮ ಹತ್ತಿರ ಇರಬೇಕು. ಹಗ್ಗದ ತುದಿಗೆ ಭಾರ ಕಟ್ಟಿ, ಬಾವಿಕಟ್ಟೆಯ ಮೇಲೆ ಪೇಂಟಿನ ಒಂದು ಗುರುತು ಮಾಡಿ. ಅಲ್ಲಿಂದ ನೀರಿಗೆ ಎಷ್ಟು ಅಂತ ವಾರಕ್ಕೊಮ್ಮೆ, ಬೆಳಿಗ್ಗೆ ಪಂಪು ಹಾಕುವ ಮುಂಚೆ ಅಳೆಯಿರಿ. ಗಣಿ ಯೋಜನೆಯಲ್ಲಿ ಕೋರೆಯ ತಳ ಸಮುದ್ರಮಟ್ಟದಿಂದ ಎಷ್ಟು ಎತ್ತರ ಅಂತ ಇರುತ್ತದೆ. ಉದಾಹರಣೆಗೆ ತಳ 940 ಮೀಟರ್, ನಿಮ್ಮ ಬಾವಿಯ ನೀರು 952 ಮೀಟರ್ ಅಂತಿದ್ದರೆ, 'ಅಂತರ್ಜಲ ಮುಟ್ಟುವುದಿಲ್ಲ' ಅನ್ನುವ ಸಾಲನ್ನು ಹೇಗೆ ಒಪ್ಪುವುದು? ಬಿರುಕುಗಳ ಮೂಲಕ ಬಾವಿಯ ನೀರು ಕೋರೆಗೆ ಇಳಿಯಬಹುದು. ದೇವರಕಾಡಿನ ಒರತೆಯನ್ನೂ ಹೀಗೇ ಲೆಕ್ಕಕ್ಕೆ ತನ್ನಿ.

ಸಿಡಿಮದ್ದಿನ ನಡುಕಕ್ಕೂ ಮಿತಿ ಇದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ, ಊರಿನವರ ಮನೆಗಳ ಹತ್ತಿರ ನಡುಕದ ವೇಗ ಸೆಕೆಂಡಿಗೆ 5 ಮಿಲಿಮೀಟರ್ ಮೀರಬಾರದು, ಚರಿತ್ರೆಯ ಕಟ್ಟಡಗಳ ಹತ್ತಿರ 2 ಮಿಲಿಮೀಟರ್. ಇದು ಕಂಪನಾಂಕ 8 ಹರ್ಟ್ಸ್‌ಗಿಂತ ಕಡಿಮೆ ಇದ್ದಾಗ, ಹೆಚ್ಚಾದಂತೆ ಮಿತಿಯೂ ಏರುತ್ತದೆ. ನಾಲ್ಕು ಚಪ್ಪಡಿಯ ಮೇಲೆ ಸುಮ್ಮನೆ ಕೂತಿರುವ ಮುಚ್ಚುಗಲ್ಲು, ಮಣ್ಣಿನ ಗೋಡೆಯ ಐನ್‌ಮನೆ ಇವಕ್ಕೆ 2 ಮಿಲಿಮೀಟರ್ ಮಿತಿಯೇ ಅನ್ವಯಿಸಲಿ ಅಂತ ಬರೆದು ಕೇಳಿ. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಕಡೆ ಭೂಮಿ ನಡುಗಿದ ಮೇಲೆ ಗೋಡೆ ಬಿರುಕು ಬಿಟ್ಟ ಮನೆಗಳವರು ಬಿರುಕಿನ ಫೋಟೋವನ್ನು ದಿನಾಂಕದ ಜೊತೆ ಈಗಲೇ ಇಟ್ಟುಕೊಳ್ಳಿ, ಯಾವುದು ಹಳೇದು ಯಾವುದು ಹೊಸದು ಅಂತ ಮುಂದೆ ವಾದ ಬರುತ್ತದೆ.

ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯ ಅಥವಾ ನಾಗರಹೊಳೆಯ ಗಡಿಯಿಂದ 1 ಕಿಲೋಮೀಟರ್ ಒಳಗೆ ಗಣಿಗಾರಿಕೆ ಇಲ್ಲ ಅಂತ ಸುಪ್ರೀಂ ಕೋರ್ಟು 2023ರ ಏಪ್ರಿಲ್‌ನಲ್ಲೂ ಹೇಳಿದೆ. ಇದನ್ನು ಅಳೆಯುವುದು ಹತ್ತು ನಿಮಿಷದ ಕೆಲಸ, ಬಿಡಬೇಡಿ.

ಬರೆದು ಕೊಡುವುದು

ಅಹವಾಲು ಸಭೆಗೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿಯಂಥ ಕಡೆ ನೋಡಲು ಇಟ್ಟಿರುತ್ತಾರೆ. ಪೂರ್ತಿ ವರದಿಯನ್ನೇ ಓದಿ, ಸಾರಾಂಶದಲ್ಲಿ ಕಷ್ಟದ ಮಾತು ಇರುವುದಿಲ್ಲ.

ಆಕ್ಷೇಪ ಚಿಕ್ಕದಾಗಿರಲಿ. 'ಪುಟ ಇಷ್ಟರಲ್ಲಿ 500 ಮೀಟರ್ ಒಳಗೆ ಪೂಜಾಸ್ಥಳ ಇಲ್ಲ ಎಂದಿದೆ. 280 ಮೀಟರ್ ದೂರದಲ್ಲಿ ಭಗವತಿ ದೇವರಕಾಡು ಇದೆ, ಫೋಟೋ 3, ನಕ್ಷೆಯಲ್ಲಿ ಗುರುತು 7. ಜಂಟಿ ಅಳತೆ ಆಗುವವರೆಗೆ ಅನುಮತಿ ಕೊಡಬಾರದು.' ಹೀಗೆ ಒಂದೊಂದು ಅಂಶಕ್ಕೂ ಅವರು ಏನು ಹೇಳಿದ್ದಾರೆ, ನೆಲದ ಮೇಲೆ ಏನಿದೆ, ನಿಮಗೆ ಏನು ಬೇಕು ಅಂತ ಬರೆಯಿರಿ. ಅಡ್ಡಪರಿಣಾಮ, ಅನ್ಯಾಯ ಅಂತ ಪುಟಗಟ್ಟಲೆ ಬರೆದರೆ ಓದುವವರು 'ಭಾವನಾತ್ಮಕ ವಿರೋಧ' ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಪ್ರತಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಒಂದು ಪ್ರತಿ ಪುರಾತತ್ವ ಇಲಾಖೆಗೆ, ಒಂದು ಪಂಚಾಯಿತಿಗೆ ಹೋಗಲಿ.

ಸಭೆಯ ಪೂರ್ತಿ ವಿಡಿಯೋ ಆಗಬೇಕು. ಅಧ್ಯಕ್ಷತೆ ಜಿಲ್ಲಾಧಿಕಾರಿಯದು, ಅವರು ಬರದಿದ್ದರೆ ಅಪರ ಜಿಲ್ಲಾಧಿಕಾರಿ ಮಟ್ಟಕ್ಕಿಂತ ಕೆಳಗಿನವರು ಕೂರುವಂತಿಲ್ಲ. ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಅಲ್ಲೇ ಓದಿ ಹೇಳಬೇಕು. ಊಟಕ್ಕೆ ಹೊತ್ತಾಯಿತು ಅಂತ ಎದ್ದು ಬರಬೇಡಿ. ನಿಮ್ಮ ಮಾತು ದಾಖಲಾಗಿದೆಯೇ ಅಂತ ಕೇಳಿಸಿಕೊಂಡೇ ಹೊರಡಿ. ಕಾಡಿನ, ಕೈಮಡದ ವಿಷಯವನ್ನು ತಕ್ಕರೋ ಹಿರಿಯರೋ ಹೇಳಲಿ, ಬಾವಿ ಅಳತೆಯನ್ನು ಅಳೆದವರೇ ಓದಲಿ.

ಅನುಮತಿ ಕೊಟ್ಟುಬಿಟ್ಟರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ ಇದೆ. ತಕ್ಕ ಕಾರಣ ತೋರಿಸಿದರೆ ಇನ್ನೂ 60 ದಿನದವರೆಗೆ ಮನ್ನಿಸಬಹುದು, ಅದರ ಮೇಲೆ ಒಂದು ದಿನವೂ ಸಿಗುವುದಿಲ್ಲ. ನಮಗೆ ಚೆನ್ನೈ ಪೀಠ. ಕೋರೆ ಶುರುವಾದ ಮೇಲೂ ಕೆಲಸ ಇದೆ. ಷರತ್ತುಗಳನ್ನು ಪಾಲಿಸಿದ ವರದಿಯನ್ನು ಅವರು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕು. ಆ ವರದಿ ತರಿಸಿಕೊಂಡು, ಮೊದಲು ಫೋಟೋ ತೆಗೆದ ಅದೇ ಗುರುತುಗಳಲ್ಲಿ ನಿಂತು ಮತ್ತೆ ತೆಗೆದು, ಬಾವಿಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲು ಹೋಲಿಸಿ.